ಹಾಲು ಹಿಂಡುವಾಗ ಹೇಳಬಾರದ್ದು

ಅಪ್ಪನ ಕೈಗೆ ಬಿಸಿ ತಿಳಿಯುತ್ತಿಲ್ಲವೆಂದು ಮನೆಯವರಿಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಅವನು ಬರಿಗೈಯಲ್ಲಿ ಒಲೆಯಿಂದ ಇಳಿಸಿದಾಗ. ಇಕ್ಕಳ ಪಕ್ಕದಲ್ಲೇ ಇತ್ತು. ಅವನು ಪಾತ್ರೆಯನ್ನು ನಿಧಾನವಾಗಿ ಕಟ್ಟೆಯ ಮೇಲಿಟ್ಟು, ಅವ್ವ ಯಾಕೆ ಕೂಗಿಕೊಂಡಳೆಂದು ತಿರುಗಿ ನೋಡಿದ. ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು.

ಅವ್ವ ಹೇಳುವುದೇ ಬೇರೆ. ಅದು ಹಾಲಿನ ಪಾತ್ರೆಯಲ್ಲ, ಚಹಾದ ಸ್ಟೀಲ್ ಲೋಟ. ನಾನು ಆ ಹೊತ್ತಿಗೆ ಹರಿಹರದ ಬಸ್ಸಿನಲ್ಲಿದ್ದೆ, ನೋಡಿರುವ ಮಾತೇ ಇಲ್ಲ ಎನ್ನುತ್ತಾಳೆ. ಇರಬಹುದು. ಆದರೂ ನನ್ನ ಕಣ್ಣಿಗೆ ಕಟ್ಟಿರುವುದು ಆ ಪಾತ್ರೆಯೇ, ಅದರ ಅಂಚಿನಲ್ಲಿ ಕಂದಿದ ಕೆನೆಯೇ. ಕೇಳಿದ್ದನ್ನು ಯಾವಾಗ ಕಂಡದ್ದಾಗಿ ಮಾಡಿಕೊಂಡೆನೋ ತಿಳಿಯದು. ಸುಟ್ಟ ಅಂಗೈ ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಪಾದಗಳನ್ನು ನೋಡಿಕೊಳ್ಳಿ ಎಂದು ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರು ಪ್ರತಿಸಲವೂ ಹೇಳುತ್ತಿದ್ದರು. ಕೈಯ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅವನು ಬಟ್ಟೆ ಗಿರಣಿಯಲ್ಲಿ ನೂಲಿನ ಕೆಲಸದಲ್ಲಿದ್ದವನು. ಗಿರಣಿ ನಿಂತ ಮೇಲೆ ಆನೆಕೊಂಡದ ನಮ್ಮ ಮನೆಯ ಹಿತ್ತಲಲ್ಲಿ ಹಸುಗಳನ್ನು ಕಟ್ಟಿ, ಬಡಾವಣೆಯ ಮನೆಗಳಿಗೆ ಸೈಕಲ್ಲಿನ ಮೇಲೆ ಹಾಲು ಹಾಕುತ್ತಿದ್ದ. ವಯಸ್ಸಾದಂತೆ ಒಂದೊಂದನ್ನೇ ಕೊಟ್ಟು, ಕೊನೆಗೆ ಒಂದೇ ಉಳಿದಿತ್ತು. ಕಪ್ಪು-ಬಿಳಿ ಬಣ್ಣದ ದೊಡ್ಡ ಸೀಮೆ ಹಸು. ಅಪ್ಪನಿಗಲ್ಲದೆ ಬೇರೆ ಯಾರಿಗೂ ಅದು ಹಾಲು ಕೊಡುತ್ತಿರಲಿಲ್ಲ. ಅವ್ವ ಕೂತರೆ ಒದೆಯುತ್ತಿತ್ತು. ನಾನು ಕೂತರೆ ಒದೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ಸುಮ್ಮನೆ ಜಾಗ ಬದಲಿಸುತ್ತಿತ್ತು.

ಹಿಂಡಲು ಕೂರುವ ಮೊದಲು ಅಪ್ಪ ಕೆಚ್ಚಲಿನ ನಾಲ್ಕೂ ಭಾಗಗಳಿಗೆ ಹಿಂಗೈ ತಾಗಿಸಿ ನೋಡುತ್ತಿದ್ದ. ಎಲ್ಲಾದರೂ ಬಿಸಿ ಹೆಚ್ಚಿದ್ದರೆ, ಗಡುಸಾಗಿದ್ದರೆ, ಕೆಚ್ಚಲು ಬಾವು ಶುರುವಾಗಿದೆ ಎಂದು ಅರ್ಥ. ಹಾಗಿದ್ದ ಮೊಲೆಯನ್ನು ಎಲ್ಲದರ ಕೊನೆಗೆ ಹಿಂಡಿ, ಆ ಹಾಲನ್ನು ದೂರ ಚೆಲ್ಲಿ, ಕೈ ತೊಳೆದುಕೊಳ್ಳಬೇಕು. ಇಲ್ಲದಿದ್ದರೆ ಹಿಂಡುವ ಕೈಯೇ ರೋಗವನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಈಗ ಆ ಹಿಂಗೈ ಏನೂ ಹೇಳುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಒಮ್ಮೆ ಬಾವು ಬಂದದ್ದು ಅವನಿಗೆ ತಿಳಿದೇ ಇರಲಿಲ್ಲ. ಬಕೆಟ್ಟಿನಲ್ಲಿ ಹಾಲು ಒಡೆದಂತೆ ಗರಣೆಗಟ್ಟಿದಾಗಲೇ ತಿಳಿದದ್ದು. ದನದ ಆಸ್ಪತ್ರೆಯ ಡಾಕ್ಟರು ಬಂದು ಮೊಲೆಗೆ ಔಷಧಿ ಏರಿಸಿ, ಕೈ ತೊಳೆಯುತ್ತಾ ಅಂದರು:

"ಯಜಮಾನ್ರೆ, ಇದು ತಡ ಆದ್ರೆ ಮೊಲೆ ಹೋಗ್ತಾವೆ. ನಿಮಗೆ ಕೈಯಾಗ ಗೊತ್ತಾಗಲ್ಲ ಅಂದ್ರೆ ಆಕಳು ಇಟ್ಕಳ್ಳೋದು ಕಷ್ಟ ಐತ್ರಿ. ಯಾರಿಗಾರ ಕೊಟ್ಬಿಡ್ರಿ."

"ಕೊಟ್ಟು?" ಅಂದ ಅಪ್ಪ.

"ಕೊಟ್ಟು ಆರಾಮಿರ್ರಿ."

"ಆರಾಮಿರಾಕ ಎಷ್ಟೊತ್ತಿಗೆ ಏಳಬೇಕ್ರಿ?"

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ. ಹಸು ಹೋದರೆ ಇವನು ಬೆಳಿಗ್ಗೆ ಎದ್ದು ಮಾಡುವುದೇನು ಎಂಬುದನ್ನು ನಾವು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಅವನೇ ಕೇಳಿಕೊಂಡಿದ್ದ. ಗೇಟಿನವರೆಗೆ ಹೋದ ಡಾಕ್ಟರು ತಿರುಗಿ, ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲಿನಲ್ಲಿ ಉಪ್ಪು ಏರುತ್ತದೆ, ಹೊರದೇಶಗಳಲ್ಲಿ ಅದನ್ನು ಅಳೆಯುವ ಯಂತ್ರವಿದೆಯಂತೆ, ನಮ್ಮ ಕಡೆ ಅದೆಲ್ಲ ಎಲ್ಲಿ ಬರಬೇಕು ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ ಸ್ಕೂಟರ್ ಹತ್ತಿದರು.

ಉಪ್ಪು ಅಳೆಯುವುದೇ ನನ್ನ ಉದ್ಯೋಗವಾಗಿತ್ತು. ಬಿ.ಎಸ್ಸಿ. ಮುಗಿಸಿ ಹರಿಹರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಬಾಯ್ಲರಿನ ನೀರು ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅದರೊಳಗೆ ಕರೆಂಟು ಸಲೀಸಾಗಿ ಹರಿಯುತ್ತದೆ, ಮೀಟರಿನ ಮುಳ್ಳು ಬಲಕ್ಕೆ ಸರಿಯುತ್ತದೆ. ಇಷ್ಟೇ. ಇಷ್ಟನ್ನು ದಿನವಿಡೀ ನೋಡುತ್ತಿದ್ದವಳಿಗೆ ಡಾಕ್ಟರ ಮಾತು ಮನೆಗೆಲಸದಷ್ಟು ಸುಲಭವಾಗಿ ಕೇಳಿಸಿತು.

ಕಾರ್ಖಾನೆಯಲ್ಲಿ ಮೀಟರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಹರಿಹರದವರೇ, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಮೀಟರನ್ನು ಮೇಲಿನವರಿಗೆ ಹೇಳಿ ಕೊಡಿಸಿ, ಬ್ಯಾಟರಿಯಲ್ಲಿ ನಡೆಯುವಂತೆ ಮಾಡಿಕೊಟ್ಟವರು ಅವರು.

"ಏನ್ರೀ ಮೇಡಂ, ಬಾಯ್ಲರ್ ಬಿಟ್ಟು ಆಕಳಿಗೆ ಬಂದ್ರಾ? ಹಂಗಾದ್ರೆ ಒಂದು ಸೇಫ್ಟಿ ವಾಲ್ವೂ ಹಚ್ಚಿಬಿಡಾಣ, ಒದೆಯೋ ಮುಂಚೆ ಸೀಟಿ ಹೊಡೀಲಿ."

"ಒದೆಯೋದಲ್ಲ ಚಾಚಾ, ರೋಗ ಬಂದ್ರೆ ತೋರಿಸಬೇಕು."

"ತೋರಿಸೋದಾ, ಕೂಗೋದಾ? ಕೂಗೋದಾದ್ರೆ ಬಜರ್ ಹಾಕ್ತೀನಿ."

ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ. "ಕೂಗೋದು ಬ್ಯಾಡ ಯವ್ವಾ. ಆಕಳು ಹೆದರಿ ಹಾಲು ಮ್ಯಾಲಕ್ಕೆ ಎಳಕಂಬಿಡ್ತೈತೆ. ಬರೇ ತೋರಿಸ್ಲಿ ಸಾಕು." ಹಾಗಾಗಿ ಅದಕ್ಕೆ ದನಿ ಇರಲಿಲ್ಲ. ಒಂದು ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಎದುರುಬದುರಾಗಿ ಎರಡು ಸ್ಟೀಲಿನ ತುಂಡು, ಅವಕ್ಕೆ ತಂತಿ, ತಂತಿಯ ತುದಿಗೆ ಮೀಟರು. ಅಂಕಿಗಳ ಮೇಲೆ ಕಾಗದ ಅಂಟಿಸಿ ಎಡಭಾಗಕ್ಕೆ ಹಸಿರು ಬಳಿದೆ. ಬಲಭಾಗಕ್ಕೆ ಕೆಂಪು ಬಣ್ಣ ಸಿಗದೆ ನನ್ನ ನೇಲ್ ಪಾಲಿಶ್ ಹಚ್ಚಿದೆ. ಲ್ಯಾಬಿನಲ್ಲಿ ನೀರು ಎಷ್ಟು ಬಿಸಿಯಿದೆ ಎಂದು ನೋಡಿ ಲೆಕ್ಕ ತಿದ್ದಬೇಕಿತ್ತು; ಇಲ್ಲಿ ಅದೂ ಬೇಕಿರಲಿಲ್ಲ. ಹಾಲು ಯಾವಾಗಲೂ ಒಂದೇ ಬೆಚ್ಚಗೆ, ಮೈಯಿಂದ ನೇರ ಬರುತ್ತಿತ್ತು.

ಇನ್ನು ಕೊಟ್ಟಿಗೆಯ ಕಟ್ಟಳೆಯೊಂದನ್ನು ಹೇಳಬೇಕು. ಹಾಲು ಹಿಂಡುವಾಗ ಕೆಟ್ಟ ಮಾತು ಆಡಬಾರದು. ಸಾವು, ಕಾಯಿಲೆ, ಜಗಳ ಯಾವುದೂ ಒಳಗೆ ಬರಬಾರದು. ಹಿಂಡುವವನ ಮನಸ್ಸು ಕದಡಿದರೆ ಅದು ಬೆರಳಿಗೆ ಇಳಿಯುತ್ತದೆ, ಬೆರಳಿನಿಂದ ಹಸುವಿಗೆ ಹೋಗುತ್ತದೆ, ಹಸು ಹಾಲು ಬಿಡುವುದಿಲ್ಲ. ಇದು ಅಪ್ಪನ ಅವ್ವನ ಕಾಲದಿಂದ ಬಂದದ್ದು. ಬಾಗಿಲಿಗೆ ಯಾರೇ ಬಂದರೂ ಬಕೆಟ್ಟು ಹೊರಬರುವವರೆಗೆ ಕಾಯುತ್ತಿದ್ದರು. ಬೀದಿಯವರಿಗೆಲ್ಲ ಗೊತ್ತಿತ್ತು.

ನಾನು ಚಿಕ್ಕವಳಿದ್ದಾಗ ಹರಿಹರದಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದಿದ್ದ. ಅವ್ವನ ಅಣ್ಣನ ಮನೆಯ ಪಕ್ಕದವನು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತಲೆಯ ಟವೆಲ್ಲು ತೆಗೆದ. ಅವ್ವ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಅವನ ಮುಖ ನೋಡಿದಳು. ಅವನು ಬಾಯಿ ತೆರೆಯುವುದಕ್ಕೂ ಅವಳು ಅಂಗೈ ಎತ್ತಿ ತಡೆಯುವುದಕ್ಕೂ ಸರಿಹೋಯಿತು. ಅವನು ಬಾಯಿ ಮುಚ್ಚಿಕೊಂಡ. ಅಪ್ಪ ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿ ಹಿಂಡುತ್ತಲೇ ಇದ್ದ. ಅವನಿಗೆ ಏನೂ ತಿಳಿಯಲಿಲ್ಲ. ಹಾಲು ಬಕೆಟ್ಟಿಗೆ ಬೀಳುವ ಸದ್ದು ಮೊದಲು ತೆಳ್ಳಗಿದ್ದದ್ದು ಆಮೇಲೆ ದಪ್ಪಗಾಗುತ್ತದಲ್ಲ, ಅಷ್ಟೂ ಹೊತ್ತು ಅವ್ವ ಹಗ್ಗ ಹಿಡಿದೇ ನಿಂತಳು. ಅಪ್ಪ ಎದ್ದು ಬಕೆಟ್ಟಿಗೆ ಬಟ್ಟೆ ಮುಚ್ಚಿಕೊಂಡು ಹೊರಗೆ ಹೋದ. ಆಗ ಅವಳು ಹಗ್ಗ ಬಿಟ್ಟು ನೆಲಕ್ಕೆ ಕುಸಿದು, ಹೋದ ಅಣ್ಣನಿಗಾಗಿ ಅತ್ತಳು. ಎಂಥಾ ಗಟ್ಟಿ ಹೆಂಗಸು ಎಂದು ಬೀದಿಯವರು ವರ್ಷಗಟ್ಟಲೆ ಹೊಗಳಿದರು. ಹೊಗಳಿದಾಗೆಲ್ಲ ಅವ್ವ ಒಳಗೆದ್ದು ಹೋಗುತ್ತಿದ್ದಳು.

ಆ ಬೆಳಿಗ್ಗೆ ನಾನು ನಿದ್ದೆಯಲ್ಲಿದ್ದೆನಂತೆ. ಟವೆಲ್ಲಿನ ಬಣ್ಣ ಯಾವುದೆಂದು ಕೇಳಿದರೆ ನಾನು ಥಟ್ಟನೆ ಹಸಿರು ಎನ್ನುತ್ತೇನೆ. ಆ ವೇಗವೇ ನನಗೆ ಅನುಮಾನ.

ದಾವಣಗೆರೆ ಹೊಸ ಜಿಲ್ಲೆಯಾದ ಮರುವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ, ಮೀಟರು ಕೊಟ್ಟಿಗೆಗೆ ಬಂತು. ಕೆಲಸದ ಕ್ರಮ ಹೀಗಿತ್ತು: ಅಪ್ಪ ಪ್ರತಿ ಮೊಲೆಯ ಮೊದಲ ಧಾರೆಯನ್ನು ಬಟ್ಟಲಿಗೆ ಬಿಡುವುದು. ಅವ್ವ ಬಟ್ಟಲು ಹಿಡಿದು ಮುಳ್ಳು ನೋಡುವುದು. ಹಸಿರಲ್ಲಿದ್ದರೆ ಹಿಂಡುವುದು, ಕೆಂಪಿಗೆ ಹೋದರೆ ಆ ಮೊಲೆಯನ್ನು ಕೊನೆಗೆ ಬಿಡುವುದು, ಡಾಕ್ಟರನ್ನು ಕರೆಸುವುದು. ಅಪ್ಪನ ಎರಡೂ ಕೈಗೆ ಕೆಲಸ, ತಲೆ ಹಸುವಿನ ಪಕ್ಕೆಗೆ. ಅವನಿಗೆ ಮೀಟರು ಕಾಣುತ್ತಿರಲಿಲ್ಲ. ಮೊದಲ ಕೆಲವು ದಿನ ನಾನೇ ನಿಂತು ತೋರಿಸಿಕೊಟ್ಟೆ. ನಾಲ್ಕೂ ಹಸಿರು. ಬೀದಿಯ ಹೆಂಗಸರು ಬಂದು ಇಣುಕಿದರು. "ಏನಕ್ಕಾ, ಆಕಳಿಗೆ ಗಡಿಯಾರ ಕಟ್ಟೀಯಂತಲ್ಲ! ಹಾಲಿಗೆ ಬರೋ ಟೈಮ್ ಹೇಳ್ತೈತೇನು?" ಎಂದೊಬ್ಬಳು ಅಂದದ್ದಕ್ಕೆ ಅವ್ವ, "ನಿನ್ನಂಗೆ ಬೆಳಿಗ್ಗಿ ಬೆಳಿಗ್ಗಿ ಬಂದು ದೃಷ್ಟಿ ಹಾಕೋರ ಹೆಸರು ಹೇಳ್ತೈತೆ, ಹೋಗು" ಎಂದಳು. ಅಪ್ಪ ಬಹಳ ದಿನದ ಮೇಲೆ ನಕ್ಕ. ಸುಟ್ಟ ಅಂಗೈ ಅಷ್ಟೊತ್ತಿಗೆ ಮಾಯ್ದಿತ್ತು. "ನಂಗೆ ಹೊಸಾ ಕೈ ಕೊಡಿಸ್ಯಾಳ ನೋಡ್ರಿ ಮಗಳು" ಎಂದು ಹಾಲಿನ ಮನೆಗಳಲ್ಲೆಲ್ಲ ಹೇಳಿಕೊಂಡು ಬಂದ.

ಆಮೇಲೆ ನನಗೆ ಬೆಳಗಿನ ಪಾಳಿ ಬಂತು. ಹಿಂಡುವ ಹೊತ್ತಿಗೆ ನಾನು ಹರಿಹರದ ಬಸ್ಸಿನಲ್ಲಿರುತ್ತಿದ್ದೆ. ಸಂಜೆ ಹಿಂಡುವುದೂ ಮುಗಿದ ಮೇಲೆ ಬಂದು ಕೇಳುತ್ತಿದ್ದೆ:

"ಮೀಟರ್ ಹೆಂಗಿತ್ತಪ್ಪಾ?"

"ಚಲೋ ಇತ್ತು."

"ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ನಿಮ್ಮವ್ವ ಏನೂ ಅನ್ಲಿಲ್ಲ. ಕೆಟ್ಟಿದ್ರೆ ಅಂತಿದ್ಲು."

ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಅವಳು ಆಗ ತಲೆ ಎತ್ತಿದ್ದಳೋ ಇಲ್ಲವೋ ನನಗೆ ನೆನಪಿಲ್ಲ. ಎತ್ತಲಿಲ್ಲ ಎಂದು ಬರೆದರೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ಬರೆಯಲು ಹಿಂಜರಿಕೆ.

ಮಳೆ ಜೋರಾಗಿ ಹಿಡಿದ ಮೇಲೆ ಹಸು ಮೇವು ಬಿಟ್ಟಿತು. ಮೈ ಕಾದಿತ್ತು. ಕೆಚ್ಚಲು ಹಿಂಭಾಗದಲ್ಲಿ ಕಲ್ಲಾಗಿತ್ತು. ಮುಟ್ಟಿದರೆ ಕಾಲೆತ್ತುತ್ತಿತ್ತು, ಅಪ್ಪನಿಗೂ ಕಾಲೆತ್ತಿದ್ದು ಅದೇ ಮೊದಲು. ಡಾಕ್ಟರು ಬಂದು ಒಂದೊಂದೇ ಮೊಲೆ ಹಿಂಡಿ ನೋಡಿದರು. ಹಿಂದಿನ ಎರಡೂ ಹೋಗಿದ್ದವು. ಮುಂದಿನ ಒಂದಕ್ಕೂ ತಗುಲಿತ್ತು. ಮುಂದಿನ ಬಲಗಡೆಯದು ಮಾತ್ರ ಸರಿಯಿತ್ತು. ಡಾಕ್ಟರಿಗೆ ಸಿಟ್ಟು ಬಂತು.

"ಮೀಟರ್ ಮಾಡೀರಂತಲ್ಲ, ಏನಾತು ಅದಕ್ಕೆ? ಕೆಟ್ಟೈತೇನು?"

ನಾನು ಮೀಟರು ಕೆಟ್ಟಿರಬೇಕು ಎಂದುಕೊಂಡೆ. ತಂತಿಗೆ ತುಕ್ಕು ಹಿಡಿದಿರಬೇಕು, ಬ್ಯಾಟರಿ ಇಳಿದಿರಬೇಕು. ಹಾಗೆಂದು ಹೇಳಲೂ ಹೊರಟಿದ್ದೆ. ಅವ್ವ ಕಂಬದ ಪಕ್ಕದಿಂದ ಅಂದಳು:

"ಕೆಟ್ಟಿಲ್ರಿ. ಕೆಂಪಿಗೆ ಹೋಗ್ತಿತ್ತು."

"ಯಾವಾಗಿಂದ?"

"ಮಳಿ ಶುರು ಆದಾಗಿಂದ. ಹಿಂದಿಂದು, ಎಡಗಡೀದು."

"ಮತ್ತೆ ಹೇಳಬೇಕು ಬ್ಯಾಡೇನಮ್ಮಾ?"

"ಹಿಂಡೋವಾಗ ಹೆಂಗ್ ಹೇಳ್ಲಿ ಸಾಹೇಬ್ರೆ?"

ಡಾಕ್ಟರು ನನ್ನ ಮುಖ ನೋಡಿದರು. "ಹಿಂಡೋವಾಗ ಹೇಳ್ಲಿ ಅಂತಾನೇ ಅಲ್ಲೇನ್ರಿ ಅದನ್ನ ಮಾಡಿದ್ದು?"

"ಅವ್ರು ಕೇಳಿ ಮನಸ್ಸು ಕೆಡಿಸ್ಕಂಡ್ರೆ ಆಕಳು ಎಳಕಂತಿತ್ತು. ಎಳಕಂಡ್ರೆ ಕೈಯಾಗ ಆಗವಲ್ದು ಅಂತ ಅವ್ರು ಬಿಟ್ಟೇ ಬಿಡೋರು." ಅವ್ವ ಅಪ್ಪನ ಕಡೆ ನೋಡಲಿಲ್ಲ. "ಹಿಂಡಿದ್ ಮ್ಯಾಲೆ ಹೇಳಾಣ ಅಂತಿದ್ದೆ. ಮುಗದಿದ್ದಕ್ಕೆ ಯಾಕ ನೋಯಿಸ್ಲಿ ಅನ್ನಿಸ್ತಿತ್ತು. ಒಂದೊಂದ್ ದಿನ ಹಸಿರಿಗೂ ಬರ್ತಿತ್ರಿ, ಸುಳ್ಳಲ್ಲ. ಹಂಗೇ ಇಳೀತೈತೆ ಅನ್ಕಂಡೆ."

ಮೀಟರು ಸರಿಯಾಗಿಯೇ ಇತ್ತು. ಅದು ಹೇಳಬೇಕಾದ ಹೊತ್ತೂ ನಮ್ಮ ಮನೆಯಲ್ಲಿ ಯಾರೂ ಕೆಟ್ಟದ್ದು ಹೇಳಬಾರದ ಹೊತ್ತೂ ಒಂದೇ ಆಗಿತ್ತು. ಅಪ್ಪ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ರೋಗವನ್ನು ಮೊಲೆಯಿಂದ ಮೊಲೆಗೆ ದಿನಾ ದಾಟಿಸಿದ್ದು ಆ ಕೈಗಳು. ಅವಕ್ಕೆ ಅದು ಗೊತ್ತೇ ಇರಲಿಲ್ಲ.

ಅವನು ಅವ್ವನನ್ನು ಬೈಯಲಿಲ್ಲ. ಬೈದಿದ್ದರೆ ಮನೆ ಹಗುರಾಗುತ್ತಿತ್ತು. ಬೈದಿದ್ದನೇನೋ, ನಾನಿಲ್ಲದಾಗ, ಅವ್ವ ಇಲ್ಲವೆನ್ನುತ್ತಾಳೆ.

ಡಾಕ್ಟರು ಒಂದು ದಾರಿ ಉಳಿಸಿ ಹೋಗಿದ್ದರು. ಔಷಧಿ ನಡೆಯಲಿ, ಉಳಿದ ಆ ಒಂದು ಮೊಲೆ ಮುಂದಿನ ಸಲ ತಾವು ಬರುವವರೆಗೆ ಹಸಿರಾಗಿಯೇ ಇದ್ದರೆ, ಮನೆಯ ಮಟ್ಟಿಗೆ ಹಾಲು ಹಿಂಡಿಕೊಂಡು ಹಸುವನ್ನು ಇಟ್ಟುಕೊಳ್ಳಬಹುದು. ಅದಕ್ಕೂ ತಗುಲಿದರೆ ಹಾಲು ಬತ್ತಿಸಿಬಿಡುವುದು, ಮತ್ತೆ ಹಿಂಡುವುದು ಬೇಡ. ಅಪ್ಪನಿಗೆ ಅಷ್ಟು ಸಾಕಿತ್ತು. ಬಡಾವಣೆಯ ಮನೆಗಳು ಬೇರೆ ಹಾಲು ಹಿಡಿದಿದ್ದವು. ಸೈಕಲ್ಲು ಗೋಡೆಗೆ ಒರಗಿತ್ತು. ಒಂದೇ ಒಂದು ಮೊಲೆಗಾಗಿ ಅವನು ಮೊದಲಿನಂತೆಯೇ ಎದ್ದು, ಮೊದಲಿನಂತೆಯೇ ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದ. ನೀರಿನ ಬಿಸಿಯನ್ನು ಈಗ ಅವ್ವ ಮುಟ್ಟಿ ನೋಡಿ ಕೊಡುತ್ತಿದ್ದಳು.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಹೇಳಬೇಕಾದದ್ದು ಅದಲ್ಲ. ಹಸುವನ್ನು ಅಪ್ಪನ ತಂಗಿಯ ಊರಿಗೆ ಕಳಿಸಿದೆವು. ಅಲ್ಲಿ ಹೊಲದ ಬದುವಿನಲ್ಲಿ ಮೇಯ್ದುಕೊಂಡು ಕೆಲವು ವರ್ಷ ಇತ್ತು. ಅಪ್ಪ ಮತ್ತೆ ಹಸು ಕಟ್ಟಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಖಾಲಿ ಕೊಟ್ಟಿಗೆ ಗುಡಿಸಿ, ಬಾಗಿಲಲ್ಲಿ ಕೂರುತ್ತಿದ್ದ. ಕೈಗಳು ತೊಡೆಯ ಮೇಲೆ, ಅಂಗೈ ಮೇಲಾಗಿ, ಯಾರಾದರೂ ಏನಾದರೂ ಕೊಡುತ್ತಾರೆಂಬಂತೆ. ಮೀಟರನ್ನು ಚಾಚಾಗೆ ಹಿಂದಿರುಗಿಸಿದೆ. "ನಡೀತಾ?" ಎಂದರು. ನಡೆಯಿತು ಎಂದೆ. ಸುಳ್ಳೇನಲ್ಲ.

ಈಗ ಆ ಬೆಳಿಗ್ಗೆ. ನಾನು ರಜೆ ಹಾಕಿದ್ದೆ. ಇದರಲ್ಲಿ ಅನುಮಾನವಿಲ್ಲ, ಡಾಕ್ಟರು ಬರುವ ದಿನ ನೀನು ಇರಬೇಕು ಎಂದು ಅಪ್ಪನೇ ಹೇಳಿದ್ದ. ಮಳೆ ನಿಂತಿತ್ತೋ ಹನಿಯುತ್ತಿತ್ತೋ ತಿಳಿಯದು. ಅಪ್ಪ ತಲೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕೂತ. ಮೊದಲ ಧಾರೆಯನ್ನು ಬಟ್ಟಲಿಗೆ ಬಿಟ್ಟ. ಅವ್ವ ಬಟ್ಟಲು ಹಿಡಿದಿದ್ದಳು. ನಾನು ಅವಳ ಹಿಂದೆ ನಿಂತಿದ್ದೆ. ಮುಳ್ಳು ಹಸಿರಿನಲ್ಲಿ ಒಂದು ಕ್ಷಣ ನಡುಗಿ ಬಲಕ್ಕೆ ಸರಿಯಿತು. ಇನ್ನೂ ಸರಿಯಿತು. ಕೆಂಪಿನ ಮೇಲೆ ನಿಂತಿತು. ಆ ಕೆಂಪು ಅಲ್ಲಲ್ಲಿ ಸುಲಿದು ಕೆಳಗಿನ ಅಂಕಿಗಳು ಕಾಣುತ್ತಿದ್ದವು.

ಅಪ್ಪ ಬಕೆಟ್ಟು ಎಳೆದುಕೊಂಡು ಹಿಂಡಲು ಶುರುಮಾಡಿದ್ದ. ಹಾಲು ಇಳಿಯುತ್ತಿತ್ತು. ತಲೆ ಎತ್ತದೆಯೇ ಕೇಳಿದ:

"ಹೆಂಗೈತೆ?"

ಅವನು ಹಿಂಡುವಾಗ ಅದನ್ನು ಕೇಳಿದ್ದು ಅದೇ ಮೊದಲು. ಅವ್ವ ನನ್ನ ಕಡೆ ನೋಡಿದಳು. ನಾನು ಹೇಳಲಿ ಎಂದಲ್ಲ. ಹಸುವಿನ ಕಡೆ ನೋಡಿದಳು. ಹಸಿರೈತೆ ಎಂದಿದ್ದರೆ ಇನ್ನೂ ಸ್ವಲ್ಪ ದಿನ ನಡೆಯುತ್ತಿತ್ತು. ಅಪ್ಪ ನಂಬುತ್ತಿದ್ದ, ನಾನೂ ಸುಮ್ಮನಿರುತ್ತಿದ್ದೆ.

"ಕೆಂಪಿಗೈತ್ರಿ," ಅಂದಳು. "ಇದೂ ಹೋತು."

ನಾವು ಮೂವರೂ ಕಾದೆವು. ಹಸು ಬಾಲ ಬೀಸಲಿಲ್ಲ, ಕಾಲೆತ್ತಲಿಲ್ಲ. ಧಾರೆ ಬಕೆಟ್ಟಿಗೆ ಬೀಳುತ್ತಲೇ ಇತ್ತು. ಅಪ್ಪನ ಬೆರಳು ನಿಂತವು, ಮತ್ತೆ ಆಡಿದವು. ಹಾಲು ಬಂತು. ಮೊದಲಿನಷ್ಟೇ ಸಲೀಸಾಗಿ ಬಂತು.

"ಹೇಳಿದ್ರೂ ಇಳೀತಲ್ಲೇ," ಅಂದ ಅಪ್ಪ.

ಅವ್ವ ಬಟ್ಟಲಿನ ಹಾಲನ್ನು ಮೂಲೆಗೆ ಚೆಲ್ಲಿದಳು. ತೊಳೆಯಲಿಲ್ಲ. ಬಟ್ಟಲನ್ನು ನೋಡುತ್ತಾ ಅಂದಳು, ಅಪ್ಪನಿಗೂ ಅಲ್ಲ, ನನಗೂ ಅಲ್ಲ:

"ಹಂಗಾರೆ ಅವತ್ತೂ ಇಳೀತಿತ್ತೇನೊ. ನಮ್ಮಣ್ಣನ ಸುದ್ದಿ ಬಂದಾಗ."

ಅಪ್ಪ ಇದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಹಿಂಡುತ್ತಲೇ ಇದ್ದ, ಚೆಲ್ಲಬೇಕಾದ ಹಾಲನ್ನು, ಕೊನೆಯ ಹನಿಯವರೆಗೆ ಬಿಡದೆ. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಡಾಕ್ಟರು ಬಾಗಿಲಿಗೆ ಬಂದರು. ಅವರಿಗೆ ಈಗ ನಮ್ಮ ಮನೆಯ ಕಟ್ಟಳೆ ಗೊತ್ತಿತ್ತು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ತುಟಿಯ ಮೇಲೆ ಬೆರಳಿಟ್ಟುಕೊಂಡು, ಹೆಂಗೈತೆ ಎಂದು ಹುಬ್ಬಿನಲ್ಲೇ ಅವ್ವನನ್ನು ಕೇಳಿದರು.

ಅವ್ವನ ಬಲಗೈ ಅರ್ಧ ಮೇಲೆದ್ದಿತು. ಆಮೇಲೆ ಇಳಿಯಿತು.

"ಒಳಗ ಬರ್ರಿ ಸಾಹೇಬ್ರೆ," ಅಂದಳು. "ಬಾಯಿಬಿಟ್ಟೇ ಕೇಳ್ರಿ. ಏನೂ ಆಗಲ್ಲ."